ಆಟದ ಖಾತೆಗೆ ಎರಡನೇ ಬೀಗ

ಬಿಜಿಎಂಐ, ಫ್ರೀ ಫೈರ್ ಮ್ಯಾಕ್ಸ್, ರೋಬ್ಲಾಕ್ಸ್, ಮೈನ್‌ಕ್ರಾಫ್ಟ್, ವ್ಯಾಲರಂಟ್. ಇವುಗಳಲ್ಲಿ ಯಾವುದನ್ನು ಆಡುವವರಿಗಾದರೂ ತಮ್ಮ ಐಡಿ ಎಂದರೆ ವರ್ಷಗಟ್ಟಲೆ ಕೂಡಿಟ್ಟ ಆಸ್ತಿ. ರ‍್ಯಾಂಕ್ ಏರಲು ನಿದ್ದೆಗೆಟ್ಟ ರಾತ್ರಿಗಳು, ಹಬ್ಬಕ್ಕೆ ಸಿಕ್ಕ ದುಡ್ಡಿನಲ್ಲಿ ಕೊಂಡ ಸ್ಕಿನ್‌ಗಳು, ಓದಲೆಂದು ಬೇರೆ ಊರಿಗೆ ಹೋದ ಗೆಳೆಯರ ಜೊತೆ ಕಟ್ಟಿಕೊಂಡ ತಂಡ, ಎಲ್ಲವೂ ಆ ಒಂದು ಖಾತೆಯಲ್ಲೇ ಇರುತ್ತವೆ. ಅದು ಕಳುವಾದಾಗ ಮನೆಯಲ್ಲಿ ಹಿರಿಯರು “ಹೋದರೆ ಹೋಗಲಿ ಬಿಡು, ಆಟ ತಾನೇ” ಎಂದುಬಿಡುತ್ತಾರೆ. ಆದರೆ ಕಳ್ಳ ಬಂದ ದಾರಿ ಹಲವು ಸಲ ಇಮೇಲ್ ಮೂಲಕವೇ ಹಾದು ಬಂದಿರುತ್ತದೆ. ಮನೆಯ ಬ್ಯಾಂಕ್ ಸ್ಟೇಟ್‌ಮೆಂಟ್, ಆಧಾರ್ ಪ್ರತಿ, ಕುಟುಂಬದ ಫೋಟೊಗಳು ಇರುವುದೂ ಅದೇ ಇಮೇಲ್‌ನಲ್ಲಿ. ಹಾಗಾಗಿ ಇದನ್ನು ಮಕ್ಕಳಾಟವೆಂದು ತಳ್ಳಿಹಾಕುವಂತಿಲ್ಲ.

ಇದಕ್ಕೆ ಇರುವ ಒಳ್ಳೆಯ ತಡೆ ಟು-ಫ್ಯಾಕ್ಟರ್ ಅಥೆಂಟಿಕೇಶನ್. ಕೆಲವು ಕಂಪನಿಗಳು ಇದನ್ನೇ ಟು-ಸ್ಟೆಪ್ ವೆರಿಫಿಕೇಶನ್ ಎನ್ನುತ್ತವೆ. ಪಾಸ್‌ವರ್ಡ್ ಮೊದಲ ಬೀಗವಾದರೆ ಇದು ಎರಡನೆಯದು. ಇದರ ಕೀಲಿ ನಿಮ್ಮ ಫೋನಿನಲ್ಲಿರುತ್ತದೆ. ಇದಕ್ಕೆ ದುಡ್ಡು ಕೊಡಬೇಕಿಲ್ಲ. ಆದರೆ ಕ್ರಮ ಮುಖ್ಯ: ಮೊದಲು ಇಮೇಲ್, ಆಮೇಲೆ ಆಟ, ಅದರ ಬೆನ್ನಿಗೇ ಬ್ಯಾಕಪ್ ಕೋಡ್. ಈ ಮೂರರಲ್ಲಿ ಒಂದನ್ನು ಬಿಟ್ಟರೂ ಉಳಿದೆರಡರ ಶ್ರಮ ವ್ಯರ್ಥವಾಗಬಹುದು.

ಕಳ್ಳರಿಗೆ ಆಟದ ಖಾತೆ ಯಾಕೆ ಬೇಕು?

ಉತ್ತರ ಸರಳ: ಅದರಲ್ಲಿ ದುಡ್ಡಿದೆ. ಸ್ಟೀಮ್ ವೇದಿಕೆಯನ್ನು ನಡೆಸುವ ವಾಲ್ವ್ ಕಂಪನಿ 2015ರ ಡಿಸೆಂಬರ್‌ನಲ್ಲಿ ಈ ಬಗ್ಗೆ ಮುಚ್ಚುಮರೆಯಿಲ್ಲದೆ ಬರೆಯಿತು. ತಿಂಗಳಿಗೆ ಸುಮಾರು 77,000 ಖಾತೆಗಳು ಕಳ್ಳರ ಪಾಲಾಗಿ ಬರಿದಾಗುತ್ತಿದ್ದವು. ಆಟಗಾರರು ತಮ್ಮ ವಸ್ತುಗಳನ್ನು ಒಬ್ಬರಿಗೊಬ್ಬರು ಬದಲಾಯಿಸಿಕೊಳ್ಳುವ ಟ್ರೇಡಿಂಗ್ ಸೌಲಭ್ಯ ಬಂದ ಮೇಲೆ ಕಳವು ಇಪ್ಪತ್ತು ಪಟ್ಟು ಹೆಚ್ಚಿತ್ತು. ಸಿಕ್ಕಿಬಿದ್ದವರೆಲ್ಲ ಹೊಸಬರೂ ಆಗಿರಲಿಲ್ಲ. ಕೌಂಟರ್-ಸ್ಟ್ರೈಕ್ ಆಡಿಯೇ ಹೊಟ್ಟೆ ಹೊರೆಯುವ ವೃತ್ತಿಪರರೂ ಅವರಲ್ಲಿದ್ದರು. ಬಂದೂಕಿನ ಸ್ಕಿನ್ ಒಂದಕ್ಕೆ ಮಾರುಕಟ್ಟೆಯಲ್ಲಿ ಬೆಲೆ ಇದೆ ಎಂದಾದ ದಿನವೇ ಅದನ್ನು ಕದಿಯುವುದು ಒಂದು ದಂಧೆಯಾಯಿತು. ವಾಲ್ವ್ ಕಂಡುಕೊಂಡ ಪರಿಹಾರ ಮೊಬೈಲ್ ಅಥೆಂಟಿಕೇಟರ್. ಅದನ್ನು ಹಾಕಿಕೊಳ್ಳದವರು ವಸ್ತು ಕೊಟ್ಟರೆ ಅದು ಎದುರಿನವರಿಗೆ ತಲುಪುವ ಮೊದಲು 15 ದಿನಗಳವರೆಗೆ ತಡೆಹಿಡಿಯಲ್ಪಡುತ್ತದೆ. ಕದ್ದವನು ಮಾಲನ್ನು ತಕ್ಷಣ ಸಾಗಿಸಲಾಗದಂತೆ ಮಾಡುವುದೇ ಇದರ ಉದ್ದೇಶ.

ಕಳ್ಳರು ಒಳಗೆ ಬರುವ ಬಗೆಯೂ ಅಂಥ ಜಾಣತನದ್ದೇನಲ್ಲ. ಎಲ್ಲೋ ಒಂದು ವೆಬ್‌ಸೈಟ್‌ನಿಂದ ಸೋರಿಕೆಯಾದ ಇಮೇಲ್ ಮತ್ತು ಪಾಸ್‌ವರ್ಡ್‌ಗಳ ಪಟ್ಟಿ ಹಿಡಿದು, ಅವನ್ನು ಬೇರೆ ಬೇರೆ ಕಡೆ ಯಂತ್ರದ ಮೂಲಕ ಒಂದೊಂದಾಗಿ ಹಾಕಿ ನೋಡುತ್ತಾರೆ. 2019ರಲ್ಲಿ ಮೊಬೈಲ್ ಆಟಗಳನ್ನು ತಯಾರಿಸುವ ಝಿಂಗಾ ಕಂಪನಿಯಿಂದ ಸುಮಾರು 17 ಕೋಟಿ ಖಾತೆಗಳ ಮಾಹಿತಿ ಸೋರಿತು. ಅಂಥ ಪಟ್ಟಿಯಲ್ಲಿರುವ ಪಾಸ್‌ವರ್ಡನ್ನೇ ಇನ್ನೊಂದು ಆಟಕ್ಕೂ ಇಟ್ಟುಕೊಂಡವರ ಖಾತೆ ತೆರೆಯಲು ನಿಮಿಷವೂ ಬೇಡ. 2020ರಲ್ಲಿ ನಿಂಟೆಂಡೊ ಕಂಪನಿಯ ಸುಮಾರು 3 ಲಕ್ಷ ಖಾತೆಗಳಿಗೆ ಹೊರಗಿನವರು ನುಗ್ಗಿದಾಗಲೂ, ಲಾಗಿನ್ ಮಾಹಿತಿ ತನ್ನ ಸರ್ವರ್‌ನಿಂದಲ್ಲ, ಬೇರೆ ಕಡೆಯಿಂದ ಸಿಕ್ಕಿದ್ದು ಎಂದು ಆ ಕಂಪನಿ ಹೇಳಿತು. ಜೊತೆಗೆ, ಟು-ಸ್ಟೆಪ್ ವೆರಿಫಿಕೇಶನ್ ಹಾಕಿಕೊಳ್ಳಿ ಎಂದು ಎಲ್ಲರನ್ನೂ ಕೇಳಿಕೊಂಡಿತು. ಪಾಸ್‌ವರ್ಡ್ ಗೊತ್ತಿದ್ದರೂ ಎರಡನೇ ಬೀಗ ತೆರೆಯದಿದ್ದರೆ ಇಂಥ ಕಳ್ಳ ಅಲ್ಲೇ ನಿಲ್ಲುತ್ತಾನೆ.

ಆರು ಅಂಕಿಗಳ ಹಿಂದಿನ ಲೆಕ್ಕ

ಆಟಗಾರರಿಗೆ ಈ ಬೀಗ ಹೊಸದಲ್ಲ. ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಆಡುವವರಿಗಾಗಿ ಬ್ಲಿಝಾರ್ಡ್ ಕಂಪನಿ 2008ರಲ್ಲೇ ಕೀಗೊಂಚಲಿಗೆ ಸಿಕ್ಕಿಸಿಕೊಳ್ಳುವಂಥ ಪುಟ್ಟ ಸಾಧನವೊಂದನ್ನು ಮಾರಾಟಕ್ಕಿಟ್ಟಿತ್ತು. ಗುಂಡಿ ಒತ್ತಿದರೆ ಅದರ ಮೇಲೆ ಅಂಕಿಗಳು ಮೂಡುತ್ತಿದ್ದವು. ನಮ್ಮಲ್ಲಿ ಆನ್‌ಲೈನ್ ಕಾರ್ಡ್ ಪಾವತಿಗೆ ಎರಡನೇ ದೃಢೀಕರಣವನ್ನು ರಿಸರ್ವ್ ಬ್ಯಾಂಕ್ ಕಡ್ಡಾಯ ಮಾಡಿದ್ದು 2009ರ ಆಗಸ್ಟ್‌ನಿಂದ. ಅದಕ್ಕೂ ಒಂದು ವರ್ಷ ಮುಂಚೆಯೇ ಆಟದ ಲೋಕ ಇದರ ಅಗತ್ಯವನ್ನು ಕಂಡುಕೊಂಡಿತ್ತು.

ಇಂದು ಅದೇ ಕೆಲಸವನ್ನು ಫೋನಿನಲ್ಲಿರುವ ಅಥೆಂಟಿಕೇಟರ್ ಆ್ಯಪ್ ಮಾಡುತ್ತದೆ. ಗೂಗಲ್ ಅಥೆಂಟಿಕೇಟರ್, ಮೈಕ್ರೋಸಾಫ್ಟ್ ಅಥೆಂಟಿಕೇಟರ್ ಇವುಗಳಲ್ಲಿ ಹೆಚ್ಚು ಬಳಕೆಯಲ್ಲಿರುವವು. ಸೌಲಭ್ಯವನ್ನು ಆನ್ ಮಾಡುವಾಗ ತೆರೆಯ ಮೇಲೆ ಕ್ಯೂಆರ್ ಕೋಡ್ ಒಂದು ಬರುತ್ತದೆ. ಅದರೊಳಗೆ ಒಂದು ರಹಸ್ಯ ಸಂಖ್ಯೆ ಅಡಗಿರುತ್ತದೆ. ಸ್ಕ್ಯಾನ್ ಮಾಡಿದ ಕ್ಷಣದಿಂದ ಆ ರಹಸ್ಯ ನಿಮ್ಮ ಫೋನಿಗೆ ಮತ್ತು ಕಂಪನಿಯ ಸರ್ವರ್‌ಗೆ ಮಾತ್ರ ಗೊತ್ತು. ಇಬ್ಬರೂ ಆ ರಹಸ್ಯ ಮತ್ತು ಆಗಿನ ಸಮಯವನ್ನು ಸೇರಿಸಿ ಒಂದೇ ಲೆಕ್ಕ ಮಾಡುತ್ತಾರೆ. ಉತ್ತರವಾಗಿ ಆರು ಅಂಕಿ ಬರುತ್ತದೆ. ಸಾಮಾನ್ಯವಾಗಿ ಪ್ರತಿ 30 ಸೆಕೆಂಡಿಗೆ ಅದು ಬದಲಾಗುತ್ತದೆ.

ಈ ವಿಧಾನದಿಂದ ಮೂರು ಸಂಗತಿಗಳು ತಾವಾಗಿಯೇ ತಿಳಿಯುತ್ತವೆ. ಒಂದು, ಕೋಡ್ ಬರಲು ನೆಟ್‌ವರ್ಕ್ ಬೇಕಿಲ್ಲ. ಮಲೆನಾಡಿನ ಸಿಗ್ನಲ್ ಸಿಗದ ಮನೆಯಲ್ಲಿ ವೈಫೈ ಹಿಡಿದು ಆಡುವವರಿಗೆ, ಊರಿನ ಸಿಮ್ ಬದಿಗಿಟ್ಟು ವಿದೇಶದಲ್ಲಿ ಓದುತ್ತಿರುವವರಿಗೆ ಒಟಿಪಿ ಎಸ್‌ಎಂಎಸ್ ಬಾರದೆ ಪರದಾಡುವ ಕಷ್ಟ ಇದರಲ್ಲಿಲ್ಲ. ಎರಡು, ಫೋನಿನ ಗಡಿಯಾರ ತಪ್ಪಿದ್ದರೆ ಕೋಡೂ ತಪ್ಪುತ್ತದೆ. ಸಮಯವನ್ನು ‘ಆಟೊಮ್ಯಾಟಿಕ್’ನಲ್ಲೇ ಇಡಿ. ಮೂರು, ಆ ಕ್ಯೂಆರ್ ಕೋಡಿನ ಸ್ಕ್ರೀನ್‌ಶಾಟ್ ಬೇರೆಯವರ ಕೈ ಸೇರಿದರೆ ನಿಮ್ಮ ಎಲ್ಲ ಕೋಡ್‌ಗಳೂ ಅವರಿಗೆ ಸಿಕ್ಕಂತೆ. ಸಹಾಯ ಮಾಡುತ್ತೇನೆಂದು ಗೆಳೆಯರು ಕೇಳಿದರೂ ಅದನ್ನು ಕಳಿಸಬೇಡಿ.

ಎಸ್‌ಎಂಎಸ್ ಒಟಿಪಿ ಸಾಲದೇ? ಏನೂ ಇಲ್ಲದಿರುವುದಕ್ಕಿಂತ ಅದು ಎಷ್ಟೋ ಮೇಲು. ಗೂಗಲ್ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಎಸ್‌ಎಂಎಸ್ ಕೋಡ್, ಯಂತ್ರಗಳು ನಡೆಸುವ ದಾಳಿಯನ್ನು ಪೂರ್ತಿಯಾಗಿ ತಡೆದಿತ್ತು. ಸಾಮೂಹಿಕವಾಗಿ ಕಳಿಸುವ ಮೋಸದ ಲಿಂಕ್‌ಗಳ ದಾಳಿಯನ್ನು ಶೇ 96ರಷ್ಟು ತಡೆದಿತ್ತು. ಆದರೆ ಒಬ್ಬ ವ್ಯಕ್ತಿಯನ್ನೇ ಗುರಿಯಾಗಿಸಿ ಹೆಣೆದ ದಾಳಿಯನ್ನು ತಡೆದದ್ದು ಶೇ 76ರಷ್ಟು ಮಾತ್ರ. ನಿಮ್ಮ ಹೆಸರಿನಲ್ಲಿ ಡುಪ್ಲಿಕೇಟ್ ಸಿಮ್ ಪಡೆದವನ ಫೋನಿಗೆ ನಿಮ್ಮ ಒಟಿಪಿ ಹೋಗುತ್ತದೆ ಎಂಬುದು ಇದರ ದೊಡ್ಡ ದೌರ್ಬಲ್ಯ. ಆ್ಯಪ್ ಆಯ್ಕೆ ಇದ್ದಲ್ಲಿ ಆ್ಯಪನ್ನೇ ಆರಿಸಿ. ಇಲ್ಲದಿದ್ದಲ್ಲಿ ಎಸ್‌ಎಂಎಸ್ ಇಡಿ.

ಮೊದಲ ಹೆಜ್ಜೆ: ಇಮೇಲ್

ಯಾವ ಆಟದಲ್ಲೇ ಆಗಲಿ ‘ಪಾಸ್‌ವರ್ಡ್ ಮರೆತಿದೆ’ ಎಂದು ಒತ್ತಿದರೆ ಹೊಸ ಪಾಸ್‌ವರ್ಡ್‌ನ ಲಿಂಕ್ ಸಾಮಾನ್ಯವಾಗಿ ಬರುವುದು ಇಮೇಲ್‌ಗೆ. ಇಮೇಲ್ ಕಳ್ಳನ ಕೈಯಲ್ಲಿದ್ದರೆ ಆಟಕ್ಕೆ ಎಂಥ ಪಾಸ್‌ವರ್ಡ್ ಇಟ್ಟೂ ಪ್ರಯೋಜನವಿಲ್ಲ. ಭಾರತದಲ್ಲಿ ಹೆಚ್ಚು ಜನ ಆಡುವ ಮೊಬೈಲ್ ಆಟಗಳಲ್ಲಂತೂ ಇದು ಇನ್ನೂ ನಿಜ. ಬಿಜಿಎಂಐ, ಫ್ರೀ ಫೈರ್ ಮ್ಯಾಕ್ಸ್ ಆಡುವವರು ಒಳಗೆ ಹೋಗುವುದು ಗೂಗಲ್, ಫೇಸ್‌ಬುಕ್, ಎಕ್ಸ್ ಮುಂತಾದ ಖಾತೆಗಳ ಮೂಲಕ. ಅಂದರೆ ಆ ಆಟದ ಬಾಗಿಲು ಇರುವುದೇ ಗೂಗಲ್ ಅಥವಾ ಫೇಸ್‌ಬುಕ್ ಖಾತೆಯಲ್ಲಿ. ಬೀಗ ಹಾಕಬೇಕಾದ್ದೂ ಅಲ್ಲೇ.

ಗೂಗಲ್ ಖಾತೆಯ ಸೆಟ್ಟಿಂಗ್ಸ್‌ಗೆ ಹೋಗಿ ಸೆಕ್ಯುರಿಟಿ ವಿಭಾಗ ತೆರೆದರೆ ‘2-ಸ್ಟೆಪ್ ವೆರಿಫಿಕೇಶನ್’ ಸಿಗುತ್ತದೆ. ಆನ್ ಮಾಡಿ ಅಥೆಂಟಿಕೇಟರ್ ಆ್ಯಪ್ ಸೇರಿಸಿ. ಅದೇ ಪುಟದಲ್ಲಿ ರಿಕವರಿ ಫೋನ್ ನಂಬರ್ ಮತ್ತು ರಿಕವರಿ ಇಮೇಲ್ ನಿಮ್ಮವೇ ಹೌದೇ ನೋಡಿ. ಯಾವಾಗಲೋ ಬಿಟ್ಟ ಹಳೆಯ ನಂಬರ್ ಅಲ್ಲಿ ಉಳಿದಿದ್ದರೆ ಈಗಲೇ ತೆಗೆಯಿರಿ. ಮೊಬೈಲ್ ಕಂಪನಿಗಳು ಬಳಕೆಯಲ್ಲಿಲ್ಲದ ನಂಬರನ್ನು ಇನ್ನೊಬ್ಬರಿಗೆ ಕೊಡುತ್ತವೆ. ಫೇಸ್‌ಬುಕ್‌ನಲ್ಲಿ ಅಕೌಂಟ್ಸ್ ಸೆಂಟರ್ ತೆರೆದು ‘ಪಾಸ್‌ವರ್ಡ್ ಅಂಡ್ ಸೆಕ್ಯುರಿಟಿ’ಗೆ ಹೋದರೆ ಈ ಆಯ್ಕೆ ಇದೆ. ಎಕ್ಸ್‌ನಲ್ಲಿ 2023ರಿಂದ ಎಸ್‌ಎಂಎಸ್ ಕೋಡ್ ದುಡ್ಡು ಕೊಟ್ಟವರಿಗೆ ಮಾತ್ರ. ಆ್ಯಪ್ ಮೂಲಕ ಪಡೆಯುವ ಕೋಡ್ ಎಲ್ಲರಿಗೂ ಉಚಿತ.

‘ಗೆಸ್ಟ್’ ಆಗಿ ಆಡುತ್ತಿರುವವರು ಇನ್ನೊಂದು ವಿಷಯ ಗಮನಿಸಬೇಕು. ಆ ಖಾತೆ ನಿಮ್ಮ ಫೋನಿಗೆ ಅಂಟಿಕೊಂಡಿರುತ್ತದೆ. ಫೋನ್ ರೀಸೆಟ್ ಆದರೆ, ಕೆಟ್ಟರೆ, ಕಳೆದರೆ ಐಡಿಯೂ ಹೋದಂತೆ. ಬೀಗದ ಮಾತಿಗೆ ಮೊದಲು ಅದನ್ನು ಸರಿಯಾದ ಖಾತೆಯೊಂದಕ್ಕೆ ಲಿಂಕ್ ಮಾಡಿ.

ಯಾವ ಆಟದಲ್ಲಿ ಎಲ್ಲಿದೆ?

ಸ್ಟೀಮ್: ಸ್ಟೀಮ್‌ನ ಸ್ವಂತ ಮೊಬೈಲ್ ಆ್ಯಪ್ ಹಾಕಿಕೊಂಡು ಸ್ಟೀಮ್ ಗಾರ್ಡ್ ವಿಭಾಗದಲ್ಲಿ ಅಥೆಂಟಿಕೇಟರ್ ಸೇರಿಸಬೇಕು. ಇಲ್ಲಿ ಬರುವುದು ಅಕ್ಷರ ಮತ್ತು ಅಂಕಿ ಬೆರೆತ ಐದರ ಕೋಡ್. ಟ್ರೇಡ್ ಮಾಡುವಾಗ ಒಪ್ಪಿಗೆಯನ್ನೂ ಇದೇ ಆ್ಯಪ್ ಕೇಳುತ್ತದೆ. ಯಾರಿಗೆ, ಏನು ಕೊಡುತ್ತಿದ್ದೇನೆ ಎಂದು ಓದಿದ ಮೇಲಷ್ಟೇ ಒತ್ತಿ.

ಎಪಿಕ್ ಗೇಮ್ಸ್: ವೆಬ್‌ಸೈಟ್‌ನ ಖಾತೆ ಪುಟದಲ್ಲಿ ಪಾಸ್‌ವರ್ಡ್ ಮತ್ತು ಸೆಕ್ಯುರಿಟಿ ವಿಭಾಗ ನೋಡಿ. ಆ್ಯಪ್, ಎಸ್‌ಎಂಎಸ್, ಇಮೇಲ್ ಎಂಬ ಆಯ್ಕೆಗಳಿವೆ. ಇದನ್ನು ಹಾಕಿಕೊಳ್ಳುವಂತೆ ಮಾಡಲು ಎಪಿಕ್ 2018ರಲ್ಲಿ ಫೋರ್ಟ್‌ನೈಟ್‌ನ ‘ಬೂಗಿಡೌನ್’ ಎಂಬ ಕುಣಿತವನ್ನೇ ಉಚಿತವಾಗಿ ಕೊಟ್ಟಿತ್ತು.

ರೋಬ್ಲಾಕ್ಸ್: ಸೆಟ್ಟಿಂಗ್ಸ್‌ನ ಸೆಕ್ಯುರಿಟಿ ಭಾಗದಲ್ಲಿದೆ. ಆಡುವವರಲ್ಲಿ ಮಕ್ಕಳೇ ಹೆಚ್ಚಾದ್ದರಿಂದ ಈ ಕೆಲಸವನ್ನು ದೊಡ್ಡವರು ಜೊತೆಗೆ ಕುಳಿತು ಮಾಡಬೇಕು.

ಮೈನ್‌ಕ್ರಾಫ್ಟ್ ಮತ್ತು ಎಕ್ಸ್‌ಬಾಕ್ಸ್: ಎರಡೂ ಮೈಕ್ರೋಸಾಫ್ಟ್ ಖಾತೆಯಿಂದ ತೆರೆಯುತ್ತವೆ. ಮೈನ್‌ಕ್ರಾಫ್ಟ್ ತಯಾರಿಸಿದ ಮೊಜಾಂಗ್‌ನ ಹಳೆಯ ಖಾತೆಗಳನ್ನು ಮೈಕ್ರೋಸಾಫ್ಟ್‌ಗೆ ವರ್ಗಾಯಿಸಿದಾಗ ಕಂಪನಿ ಕೊಟ್ಟ ಕಾರಣಗಳಲ್ಲಿ ಈ ಎರಡನೇ ಬೀಗವೂ ಒಂದು.

ಪ್ಲೇಸ್ಟೇಷನ್: 2011ರ ಏಪ್ರಿಲ್‌ನಲ್ಲಿ ಇದರ ನೆಟ್‌ವರ್ಕ್‌ಗೆ ಕನ್ನ ಬಿದ್ದು ಸುಮಾರು 7.7 ಕೋಟಿ ಖಾತೆಗಳ ಮಾಹಿತಿ ಅಪಾಯಕ್ಕೆ ಸಿಕ್ಕಿತು. ಸೋನಿ ಕಂಪನಿ ಎರಡು ಹಂತದ ಪರಿಶೀಲನೆ ತಂದದ್ದು 2016ರಲ್ಲಿ. ಈಗ ಅಕೌಂಟ್ ಸೆಟ್ಟಿಂಗ್ಸ್‌ನ ಸೆಕ್ಯುರಿಟಿಯಲ್ಲಿ ಎಸ್‌ಎಂಎಸ್, ಆ್ಯಪ್ ಎರಡೂ ಇವೆ.

ವ್ಯಾಲರಂಟ್ ಆಡುವವರು ರಾಯಟ್ ಗೇಮ್ಸ್ ವೆಬ್‌ಸೈಟ್‌ನ ಖಾತೆ ಪುಟದಲ್ಲಿ ಇದನ್ನು ಆನ್ ಮಾಡಬಹುದು. ತಂಡದ ಹರಟೆಗೆಂದು ಬಳಸುವ ಡಿಸ್ಕಾರ್ಡ್‌ಗೂ ಬೀಗ ಹಾಕಲು ಮರೆಯಬೇಡಿ. ಮೋಸದ ಲಿಂಕ್‌ಗಳು ಹೆಚ್ಚು ಓಡಾಡುವ ಜಾಗಗಳಲ್ಲಿ ಅದೂ ಒಂದು.

ಇದಕ್ಕಿಂತ ಮುಂದಿನದು ಪಾಸ್‌ಕೀ. ಪಾಸ್‌ವರ್ಡೂ ಇಲ್ಲ, ಕೋಡೂ ಇಲ್ಲ. ಬೆರಳಚ್ಚು ಅಥವಾ ಫೋನಿನ ಪಿನ್ ಕೊಟ್ಟರೆ ಸಾಕು. ಇದು ಅಸಲಿ ವೆಬ್‌ಸೈಟ್‌ನ ವಿಳಾಸಕ್ಕೇ ಕಟ್ಟಿಕೊಂಡಿರುವುದರಿಂದ ನಕಲಿ ಪುಟದಲ್ಲಿ ಕೆಲಸ ಮಾಡುವುದಿಲ್ಲ. ಗೂಗಲ್, ಮೈಕ್ರೋಸಾಫ್ಟ್, ಪ್ಲೇಸ್ಟೇಷನ್, ನಿಂಟೆಂಡೊ, ರೋಬ್ಲಾಕ್ಸ್‌ಗಳಲ್ಲಿ ಈಗಾಗಲೇ ಇದೆ. ಸ್ವಂತ ಫೋನ್ ಇರುವವರಿಗೆ ಇದೇ ಉತ್ತಮ.

ಬ್ಯಾಕಪ್ ಕೋಡ್ ಕಾಗದದ ಮೇಲಿರಲಿ

ಎರಡನೇ ಬೀಗ ಹಾಕಿಕೊಂಡವರಲ್ಲಿ ಎಷ್ಟೋ ಮಂದಿ ಎಡವುವುದು ಇಲ್ಲಿ. ಫೋನ್ ಕೆರೆಗೆ ಬಿತ್ತು, ಬಸ್ಸಿನಲ್ಲಿ ಕಳೆಯಿತು, ಎಕ್ಸ್‌ಚೇಂಜ್‌ಗೆ ಕೊಟ್ಟಾಯಿತು. ಆಮೇಲೆ ಕೋಡ್ ಎಲ್ಲಿಂದ ತರುವುದು? ಕಳ್ಳನಿಗಾಗಿ ಹಾಕಿದ ಬೀಗ ಮಾಲೀಕನನ್ನೇ ಹೊರಗೆ ನಿಲ್ಲಿಸುತ್ತದೆ.

ಇದಕ್ಕೆಂದೇ ಬ್ಯಾಕಪ್ ಕೋಡ್‌ಗಳಿವೆ. ಗೂಗಲ್ ಹತ್ತು ಕೋಡ್ ಕೊಡುತ್ತದೆ, ಒಂದೊಂದನ್ನು ಒಂದು ಸಲ ಮಾತ್ರ ಬಳಸಬಹುದು. ಸ್ಟೀಮ್ ಕೊಡುವುದು ‘ಆರ್’ ಅಕ್ಷರದಿಂದ ಆರಂಭವಾಗುವ ಒಂದು ರಿಕವರಿ ಕೋಡ್. ಇವನ್ನು ಅದೇ ಫೋನಿನ ಗ್ಯಾಲರಿಯಲ್ಲಿ ಸ್ಕ್ರೀನ್‌ಶಾಟ್ ಮಾಡಿಟ್ಟರೆ ಫೋನಿನ ಜೊತೆಗೇ ಅವೂ ಹೋಗುತ್ತವೆ. ಕಾಗದದಲ್ಲಿ ಕೈಯಾರೆ ಬರೆದು, ಮನೆಯ ಕಾಗದಪತ್ರ ಇಡುವ ಬೀರುವಿನಲ್ಲಿಡಿ. ಯಾವ ಖಾತೆಯ ಕೋಡ್, ಯಾವ ದಿನ ಬರೆದದ್ದು ಎಂದೂ ನಮೂದಿಸಿ. ಪಾಸ್‌ವರ್ಡನ್ನು ಅದೇ ಕಾಗದದಲ್ಲಿ ಬರೆಯಬೇಡಿ.

ಹೊಸ ಫೋನ್ ಕೊಂಡಾಗ ಹಳೆಯದನ್ನು ಅಳಿಸುವ ಮೊದಲು ಅಥೆಂಟಿಕೇಟರನ್ನು ಹೊಸದಕ್ಕೆ ಸಾಗಿಸಿ. ಗೂಗಲ್ ಅಥೆಂಟಿಕೇಟರ್‌ನಲ್ಲಿ ಕ್ಯೂಆರ್ ಮೂಲಕ ವರ್ಗಾಯಿಸುವ ವ್ಯವಸ್ಥೆ ಇದೆ. 2023ರಿಂದ ಗೂಗಲ್ ಖಾತೆಗೆ ಸಿಂಕ್ ಮಾಡುವ ಅನುಕೂಲವೂ ಬಂದಿದೆ. ಹೊಸ ಫೋನಿನಲ್ಲಿ ಒಮ್ಮೆ ಲಾಗಿನ್ ಆಗಿ ಖಾತ್ರಿ ಮಾಡಿಕೊಂಡ ಮೇಲೆ ಹಳೆಯ ಫೋನನ್ನು ರೀಸೆಟ್ ಮಾಡಿ ಕೊಡಿ.

ಬೀಗ ಇದ್ದೂ ಕಳುವಾಗುವುದು ಹೇಗೆ?

ಟು-ಫ್ಯಾಕ್ಟರ್ ಹಾಕಿದ ಮೇಲೂ ಎಚ್ಚರ ತಪ್ಪುವಂತಿಲ್ಲ. ಕಳ್ಳರು ಬೀಗ ಒಡೆಯುವ ಬದಲು ನಿಮ್ಮ ಕೈಯಿಂದಲೇ ತೆರೆಸಲು ನೋಡುತ್ತಾರೆ.

“ನಮ್ಮ ತಂಡ ಟೂರ್ನಮೆಂಟ್‌ನಲ್ಲಿದೆ, ಒಂದು ವೋಟ್ ಹಾಕು ಮಗಾ” ಎಂದು ಗೆಳೆಯನ ಖಾತೆಯಿಂದಲೇ ಲಿಂಕ್ ಬರುತ್ತದೆ. ಒತ್ತಿದರೆ ಅಸಲಿಯಂತೆಯೇ ಕಾಣುವ ಲಾಗಿನ್ ಪುಟ. ನೀವು ಹಾಕಿದ ಪಾಸ್‌ವರ್ಡ್ ಮತ್ತು ಕೋಡ್ ಎರಡನ್ನೂ ಆ ಪುಟ ಕೋಡ್ ಹಳೆಯದಾಗುವುದರೊಳಗೆ ಅಸಲಿ ಸೈಟ್‌ಗೆ ದಾಟಿಸುತ್ತದೆ. ಕಳ್ಳ ಒಳಗೆ. ಉಚಿತ ಯುಸಿ, ಉಚಿತ ಡೈಮಂಡ್, ಉಚಿತ ರೋಬಕ್ಸ್ ಎಂಬ ಆಮಿಷಗಳೂ ಇದೇ ಜಾತಿಯವು. ಲಾಗಿನ್ ಆಗಬೇಕಿದ್ದರೆ ಬಂದ ಲಿಂಕಿನಿಂದ ಬೇಡ. ಆ್ಯಪನ್ನು ನೀವೇ ತೆರೆಯಿರಿ, ಇಲ್ಲವೇ ವಿಳಾಸವನ್ನು ನೀವೇ ಟೈಪ್ ಮಾಡಿ. ಡಿಸ್ಕಾರ್ಡ್‌ನಲ್ಲಿ ಯಾರಾದರೂ ಕಳಿಸಿದ ಕ್ಯೂಆರ್ ಸ್ಕ್ಯಾನ್ ಮಾಡಿ ಒಪ್ಪಿಗೆ ಕೊಟ್ಟರೂ ಪರಿಣಾಮ ಅದೇ: ಅದು ಅವರ ಕಂಪ್ಯೂಟರಿನಲ್ಲಿ ನಿಮ್ಮ ಖಾತೆ ತೆರೆಯುವ ಕೋಡ್ ಆಗಿರಬಹುದು.

ಇದಕ್ಕಿಂತ ಕೆಟ್ಟದ್ದು ‘ಹ್ಯಾಕ್’, ‘ಮೋಡ್ ಎಪಿಕೆ’, ‘ಕ್ರ್ಯಾಕ್’ ಹೆಸರಿನಲ್ಲಿ ಬರುವ ಕಳ್ಳ ತಂತ್ರಾಂಶ. ನೀವು ಆಗಲೇ ಲಾಗಿನ್ ಆಗಿದ್ದೀರಿ ಎಂಬುದಕ್ಕೆ ಬ್ರೌಸರ್ ಒಂದು ಗುರುತು ಇಟ್ಟುಕೊಂಡಿರುತ್ತದೆ. ಕಂಪ್ಯೂಟರಿನಲ್ಲಿ ಕುಳಿತ ಇಂಥ ತಂತ್ರಾಂಶ ಆ ಗುರುತನ್ನೇ ಕದ್ದರೆ ಕಳ್ಳನಿಗೆ ಪಾಸ್‌ವರ್ಡೂ ಬೇಡ, ಕೋಡೂ ಬೇಡ. ಎದುರಾಳಿಯನ್ನು ಗೋಡೆಯಾಚೆ ನೋಡುವ ಆಸೆಗೆ ಹಾಕಿಕೊಂಡ ಚೀಟ್ ನಿಮ್ಮ ಮನೆಯನ್ನೇ ಕಳ್ಳನಿಗೆ ತೋರಿಸುತ್ತದೆ.

ಕೆಲವೊಮ್ಮೆ ತಪ್ಪು ಆಟಗಾರರದ್ದಾಗಿರುವುದೇ ಇಲ್ಲ. 2022ರ ಜನವರಿಯಲ್ಲಿ ಫಿಫಾ 22 ಆಡುವ ಕೆಲವು ಪ್ರಸಿದ್ಧ ಆಟಗಾರರ ಖಾತೆಗಳು ಕಳುವಾದವು. ಸಂಖ್ಯೆ ಐವತ್ತಕ್ಕಿಂತ ಕಡಿಮೆ. ಕಳ್ಳರು ಕಂಪನಿಯ ಗ್ರಾಹಕ ಸಹಾಯ ಸಿಬ್ಬಂದಿಯನ್ನೇ ನಂಬಿಸಿ ಎರಡನೇ ಬೀಗವನ್ನು ದಾಟಿದ್ದರು. ಆ ಆಟವನ್ನು ಹೊರತಂದ ಇಎ ಕಂಪನಿ ಅದನ್ನು ಒಪ್ಪಿಕೊಂಡು, ಖಾತೆಯ ಇಮೇಲ್ ಬದಲಾಯಿಸಲು ಮೇಲಧಿಕಾರಿಯ ಅನುಮತಿ ಬೇಕೆಂದು ನಿಯಮ ಮಾಡಿತು. ಸ್ಟ್ರೀಮ್ ಮಾಡುವವರು ಇದರಿಂದ ಕಲಿಯಬೇಕಾದ್ದಿದೆ: ಆಟಕ್ಕೆ ಬಳಸುವ ಇಮೇಲ್ ವಿಳಾಸ, ಬಿಲ್ಲಿನ ನಂಬರ್, ಹುಟ್ಟಿದ ದಿನ ಇವು ಯಾವುವೂ ವಿಡಿಯೊದಲ್ಲಿ ಕಾಣಬಾರದು.

ಮಕ್ಕಳ ಖಾತೆ, ದೊಡ್ಡವರ ಫೋನು

ನಮ್ಮ ಹಲವು ಮನೆಗಳಲ್ಲಿ ಮಗು ಆಡುವುದು ಅಮ್ಮನ ಫೋನಿನಲ್ಲಿ, ಅಪ್ಪನ ಜಿಮೇಲ್‌ನಲ್ಲಿ. ಒಟಿಪಿ ಬಂದಾಗ “ಅಪ್ಪಾ, ನಂಬರ್ ಹೇಳು” ಎಂದರೆ ಆಫೀಸಿನಿಂದಲೇ ಓದಿ ಹೇಳುವ ಅಪ್ಪಂದಿರಿದ್ದಾರೆ. ಅದು ಯಾವುದರ ಒಟಿಪಿ ಎಂದು ನೋಡಿ ಹೇಳುವ ರೂಢಿ ಮನೆಯಲ್ಲಿ ಬರಲಿ. ಮಗುವಿಗೆ ಗೂಗಲ್‌ನ ಫ್ಯಾಮಿಲಿ ಲಿಂಕ್ ಮೂಲಕ ಬೇರೆಯದೇ ಖಾತೆ ಮಾಡಿಕೊಡಿ. ಪ್ಲೇ ಸ್ಟೋರ್‌ನಲ್ಲಿ ಪ್ರತಿ ಖರೀದಿಗೂ ದೃಢೀಕರಣ ಕೇಳುವಂತೆ ಇಡಿ. ಐಡಿ ಕೊಳ್ಳುವುದು, ಮಾರುವುದು ಬೇಡವೆಂದು ತಿಳಿಸಿ ಹೇಳಿ. ಹೆಚ್ಚಿನ ಆಟಗಳ ನಿಯಮ ಅದನ್ನು ಒಪ್ಪುವುದಿಲ್ಲ, ಮಾರಿದವನು ತನ್ನ ಹಳೆಯ ಇಮೇಲ್ ತೋರಿಸಿ ಅದನ್ನು ಮತ್ತೆ ಪಡೆದುಕೊಳ್ಳಬಲ್ಲ.

ಎಲ್ಲಕ್ಕಿಂತ ಮುಖ್ಯವಾಗಿ, ಮೋಸ ಹೋದೆ ಎಂದು ಮಗು ಬಂದು ಹೇಳಿದಾಗ ಬೈಯಬೇಡಿ. ಬೈಗುಳಕ್ಕೆ ಹೆದರಿ ಮುಚ್ಚಿಟ್ಟ ಒಂದೊಂದು ಗಂಟೆಯೂ ಕಳ್ಳನಿಗೆ ಲಾಭ.

ಖಾತೆ ಹೋಗಿಯೇಬಿಟ್ಟರೆ

1. ಅನುಮಾನವಿಲ್ಲದ ಬೇರೊಂದು ಫೋನ್ ಅಥವಾ ಕಂಪ್ಯೂಟರಿನಿಂದ ಮೊದಲು ಇಮೇಲ್‌ನ ಪಾಸ್‌ವರ್ಡ್ ಬದಲಾಯಿಸಿ, ಎಲ್ಲ ಸಾಧನಗಳಿಂದ ಲಾಗ್‌ಔಟ್ ಮಾಡಿ.

2. ಇಮೇಲ್‌ನ ಫಾರ್ವರ್ಡಿಂಗ್ ಮತ್ತು ಫಿಲ್ಟರ್ ನೋಡಿ. ನಿಮಗೆ ಬರುವ ಪತ್ರ ತನಗೂ ಬರುವಂತೆ ಕಳ್ಳ ಮಾಡಿಟ್ಟಿರಬಹುದು. ಸ್ಟೀಮ್ ಬಳಸುವವರು ಎಪಿಐ ಕೀ ಪುಟವನ್ನೂ ನೋಡಿ, ನೀವು ಮಾಡಿಸದ ಕೀ ಇದ್ದರೆ ರದ್ದುಮಾಡಿ.

3. ಆಟದ ಅಧಿಕೃತ ಸಹಾಯ ಪುಟದಲ್ಲಿ ದೂರು ಕೊಡಿ. ಖಾತೆ ತೆರೆದ ಕಾಲ, ಹಳೆಯ ಬಿಲ್‌ಗಳು, ‘ಜಿಪಿಎ’ಯಿಂದ ಆರಂಭವಾಗುವ ಗೂಗಲ್ ಪ್ಲೇ ಆರ್ಡರ್ ನಂಬರ್ ನಿಮ್ಮ ಒಡೆತನಕ್ಕೆ ಸಾಕ್ಷಿ. ದುಡ್ಡು ಕೊಟ್ಟರೆ ಐಡಿ ವಾಪಸ್ ತಂದುಕೊಡುತ್ತೇವೆ ಎನ್ನುವವರು ಎರಡನೇ ಸುತ್ತಿನ ಮೋಸಗಾರರು.

4. ದುಡ್ಡು ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಅಥವಾ ನಿಮ್ಮ ಜಿಲ್ಲೆಯ ಸೆನ್ ಪೊಲೀಸ್ ಠಾಣೆಯಲ್ಲಿ ದೂರು ಕೊಡಬಹುದು. ಬೇರೆಯವರ ಪಾಸ್‌ವರ್ಡನ್ನು ಮೋಸದಿಂದ ಬಳಸುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಕಲಂ ಪ್ರಕಾರ ಅಪರಾಧ. ಮೂರು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ.

5. ನಿಮ್ಮ ಹೆಸರಿನಲ್ಲಿ ಬರುವ ಲಿಂಕ್ ಒತ್ತಬೇಡಿ ಎಂದು ತಂಡದವರಿಗೆಲ್ಲ ಫೋನ್ ಮಾಡಿ ಹೇಳಿ.

ಈ ಕೊನೆಯ ಅಂಶದಲ್ಲಿ ಒಂದು ದೊಡ್ಡ ಮಾತಿದೆ. ಕದ್ದ ಖಾತೆಯ ಮೊದಲ ಕೆಲಸವೇ ಅದರ ಗೆಳೆಯರ ಪಟ್ಟಿಗೆ ಲಿಂಕ್ ಕಳಿಸುವುದು. ನಿಮ್ಮನ್ನು ನಂಬುವವರೇ ಅಲ್ಲಿ ಮೊದಲು ಬೀಳುತ್ತಾರೆ. ಹಾಗಾಗಿ ನಿಮ್ಮ ಖಾತೆಗೆ ಬೀಗ ಹಾಕುವುದು ನಿಮ್ಮೊಬ್ಬರ ಲಾಭಕ್ಕಷ್ಟೇ ಅಲ್ಲ. ಇವತ್ತೇ ಆಟ ಶುರುಮಾಡುವ ಮೊದಲು ಇಮೇಲ್‌ಗೆ ಟು-ಫ್ಯಾಕ್ಟರ್ ಹಾಕಿ, ಆಟದ ಖಾತೆಗೆ ಹಾಕಿ, ಬ್ಯಾಕಪ್ ಕೋಡ್ ಬರೆದಿಡಿ. ಆಮೇಲೆ ಲಾಬಿಗೆ ಹೋಗಿ ತಂಡದ ಒಬ್ಬೊಬ್ಬರನ್ನೂ “ನೀನು ಹಾಕಿದ್ದೀಯಾ?” ಎಂದು ಕೇಳಿ. ಹಾಕಿಲ್ಲ ಎಂದವರಿಗೆ ಜೊತೆಗಿದ್ದು ಹಾಕಿಸಿಕೊಡಿ. ಪಂದ್ಯ ಹತ್ತು ನಿಮಿಷ ತಡವಾಗಿ ಶುರುವಾದರೂ ಪರವಾಗಿಲ್ಲ.